ಪುಲ್ಲಿ ಚಿಕ್ಕದಾದಷ್ಟೂ ಎಂಜಿನ್ನಿನ ಬಲ ಹೆಚ್ಚುವುದೇ?

ಶಿರಸಿ: ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಜನರಿಗೆ ಪುಲ್ಲಿ ಎಂಬುದು ಹೊಸ ವಸ್ತುವೇನಲ್ಲ. ಆಲೆಮನೆಯ ಕಬ್ಬಿನ ಗಾಣ, ಅಡಿಕೆ ಸುಲಿಯುವ ಯಂತ್ರ, ಪೇಟೆಯ ಹಿಟ್ಟಿನ ಗಿರಣಿ, ತೋಟದಂಚಿನ ಡೀಸೆಲ್ ಪಂಪು, ಗದ್ದೆಗಿಳಿಯುವ ಪವರ್ ಟಿಲ್ಲರ್ ಎಲ್ಲದರಲ್ಲಿಯೂ ಒಂದು ಬೆಲ್ಟು, ಎರಡು ಪುಲ್ಲಿ ಇದ್ದೇ ಇರುತ್ತವೆ. ಯಂತ್ರ ನಿಧಾನವಾದರೆ ಪುಲ್ಲಿ ಬದಲಿಸುವುದು, ವೇಗ ಹೆಚ್ಚಾದರೆ ಮತ್ತೆ ಬದಲಿಸುವುದು ಇಲ್ಲಿಯ ಮೆಕ್ಯಾನಿಕ್‌ಗಳಿಗೆ ನಿತ್ಯದ ಕೆಲಸ. ಇದೇ ಪುಲ್ಲಿ ಕಾರಿನ ಎಂಜಿನ್ನಿಗೆ ಗಾಳಿ ತುಂಬುವ ಸೂಪರ್‌ಚಾರ್ಜರ್ ಮೇಲೆ ಕುಳಿತಾಗ ಮಾತ್ರ ಅದರ ಸುತ್ತ ಒಂದು ನಂಬಿಕೆ ಬೆಳೆದುಬಿಟ್ಟಿದೆ. ಪುಲ್ಲಿ ಚಿಕ್ಕದು ಮಾಡಿದರೆ ಸಾಕು, ಬಲ ತಾನಾಗಿ ಬರುತ್ತದೆ ಎಂಬುದೇ ಆ ನಂಬಿಕೆ. ಅದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ತಿಳಿಯದೆ ಕೈ ಹಾಕಿದರೆ ಪಿಸ್ಟನ್ ತೂತಾಗುವ ಅಪಾಯವಿದೆ.

ಮೊದಲು ಎಲ್ಲರಿಗೂ ಗೊತ್ತಿರುವ ಲೆಕ್ಕವನ್ನೇ ನೋಡೋಣ. ತಿರುಗಿಸುವ ಪುಲ್ಲಿಯ ವ್ಯಾಸವನ್ನು ಅದರ ಸುತ್ತಿನಿಂದ ಗುಣಿಸಿದರೆ ಬರುವ ಸಂಖ್ಯೆಯೂ, ತಿರುಗಿಸಲ್ಪಡುವ ಪುಲ್ಲಿಯ ವ್ಯಾಸವನ್ನು ಅದರ ಸುತ್ತಿನಿಂದ ಗುಣಿಸಿದರೆ ಬರುವ ಸಂಖ್ಯೆಯೂ ಒಂದೇ. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದು, ಅದರ ಪುಲ್ಲಿ 6 ಇಂಚು, ಯಂತ್ರದ ಪುಲ್ಲಿ 12 ಇಂಚು ಇದ್ದರೆ ಯಂತ್ರ 750 ಸುತ್ತು ತಿರುಗುತ್ತದೆ. ವೇಗ ಅರ್ಧಕ್ಕಿಳಿದಾಗ ತಿರುಚುಬಲ ಇಮ್ಮಡಿಯಾಗುತ್ತದೆ. ಕಬ್ಬಿನ ಗಾಣಕ್ಕೆ ಬೇಕಾದದ್ದು ಇದೇ. ಅದಕ್ಕೆ ವೇಗ ಬೇಡ, ಬಲ ಬೇಕು. ಆದ್ದರಿಂದ ಗಾಣದ ಕಡೆ ದೊಡ್ಡ ಪುಲ್ಲಿ, ಅದರ ಹಿಂದೆ ಹಲ್ಲುಗಾಲಿ. ಅಡಿಕೆ ಸುಲಿಯುವ ಯಂತ್ರದಲ್ಲಿಯೂ ಹಾಗೆಯೇ. ಸುತ್ತು ಮಿತಿ ಮೀರಿದರೆ ಸಿಪ್ಪೆಯ ಜೊತೆ ಒಳಗಿನ ಅಡಿಕೆಯೂ ಪೆಟ್ಟು ತಿನ್ನುತ್ತದೆ, ಒಡೆದ ಅಡಿಕೆಗೆ ಪೇಟೆಯಲ್ಲಿ ದರವಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪುಲ್ಲಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ ಕೊಟ್ಟ 5 ಅಶ್ವಶಕ್ತಿಯನ್ನು ಅದು ವೇಗವಾಗಿಯೋ ತಿರುಚುಬಲವಾಗಿಯೋ ಮಾರ್ಪಡಿಸುತ್ತದೆ, ನಡುವೆ ಬೆಲ್ಟಿನ ಜಾರುವಿಕೆಯಲ್ಲಿ ಒಂದಿಷ್ಟನ್ನು ಕಳೆಯುತ್ತದೆ. ಹಾಗಿದ್ದ ಮೇಲೆ ಸೂಪರ್‌ಚಾರ್ಜರ್‌ನ ಪುಲ್ಲಿ ಮಾತ್ರ ಕಾರಿಗೆ ಹೆಚ್ಚಿನ ಶಕ್ತಿಯನ್ನು ಹೇಗೆ ಕೊಡುತ್ತದೆ?

ಎಂಜಿನ್ ತಿನ್ನುವುದು ಗಾಳಿಯನ್ನು

ಪೆಟ್ರೋಲ್ ಸುಡುವುದರಿಂದ ಎಂಜಿನ್ ನಡೆಯುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ತೂಕದ ಲೆಕ್ಕದಲ್ಲಿ ನೋಡಿದರೆ ಎಂಜಿನ್ ತಿನ್ನುವುದು ಮುಖ್ಯವಾಗಿ ಗಾಳಿಯನ್ನು. ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋದಷ್ಟು. ಅದಕ್ಕೆ ಬೇಕಾಗುವ ಗಾಳಿ ಸುಮಾರು 11 ಕಿಲೋ, ಅಂದರೆ ಹತ್ತಿರ ಹತ್ತಿರ 9 ಸಾವಿರ ಲೀಟರ್. ಪೆಟ್ರೋಲನ್ನು ಹೆಚ್ಚು ಚಿಮ್ಮಿಸುವುದು ಸುಲಭ, ಅಷ್ಟು ಗಾಳಿಯನ್ನು ಒಳಗೆ ತರುವುದು ಕಷ್ಟ. ಎಂಜಿನ್ನಿನ ಬಲಕ್ಕೆ ಮಿತಿ ಹಾಕುವುದು ಗಾಳಿಯೇ.

ತೋಟದ ಕಿರ್ಲೋಸ್ಕರ್ ಎವಿ-1 ಮಾದರಿಯ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ 553 ಸಿ.ಸಿ. ಗಾತ್ರದ್ದು, 1500 ಸುತ್ತಿಗೆ 5 ಅಶ್ವಶಕ್ತಿ ಕೊಡುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರು ಎಳೆದುಕೊಳ್ಳುವುದರಿಂದ ಅದು ನಿಮಿಷಕ್ಕೆ ಹೆಚ್ಚೆಂದರೆ 415 ಲೀಟರ್ ಗಾಳಿ ಎಳೆಯಬಲ್ಲದು. 1.6 ಲೀಟರಿನ ಕಾರಿನ ಎಂಜಿನ್ 6000 ಸುತ್ತಿನಲ್ಲಿ 4800 ಲೀಟರ್ ಎಳೆಯುತ್ತದೆ. ಗಾತ್ರ ಮೂರು ಪಟ್ಟು, ಗಾಳಿ ಹನ್ನೊಂದೂವರೆ ಪಟ್ಟು. ಹೆಚ್ಚು ಬಲ ಬೇಕಿದ್ದರೆ ಎಂಜಿನ್ನನ್ನು ದೊಡ್ಡದು ಮಾಡಬೇಕು, ಇಲ್ಲವೇ ಹೆಚ್ಚು ಸುತ್ತು ತಿರುಗಿಸಬೇಕು. ಅವೆರಡೂ ಆಗದಿದ್ದರೆ ಗಾಳಿಯನ್ನು ಹೊರಗಿನಿಂದ ಒತ್ತಿ ತುಂಬಬೇಕು. ಮೂರನೆಯ ದಾರಿಯೇ ಸೂಪರ್‌ಚಾರ್ಜರ್.

ಅದರ ಮೂಲ ಕಾರಿನಲ್ಲಿಲ್ಲ. ಅಮೆರಿಕದ ಇಂಡಿಯಾನಾ ಪ್ರಾಂತ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರವು ಕುಲುಮೆಗಳಿಗೆ, ಗಣಿಗಳಿಗೆ ಗಾಳಿ ಊದಲು ಬಳಕೆಯಾಯಿತು. ಒಂದರೊಳಗೊಂದು ಹೊಂದಿಕೊಂಡು ತಿರುಗುವ ಎರಡು ರೋಟರುಗಳು ಒಂದು ಬದಿಯ ಗಾಳಿಯನ್ನು ಬಾಚಿ ಮತ್ತೊಂದು ಬದಿಗೆ ಹಾಕುವುದು ಅದರ ಕ್ರಮ. ಗಾಟ್ಲೀಬ್ ಡೈಮ್ಲರ್ ಎಂಜಿನ್ನಿಗೆ ಗಾಳಿ ಒತ್ತುವ ವಿಧಾನಕ್ಕೆ 1885ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಮರ್ಸಿಡಿಸ್ 1921ರಲ್ಲಿ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಪ್ರದರ್ಶನಕ್ಕಿಟ್ಟು ಮಾರಾಟಕ್ಕೆ ತಂದಿತು. ಭಾರತದ ರಸ್ತೆಯಲ್ಲಿ ಕಂಡ ಸೂಪರ್‌ಚಾರ್ಜರ್ ಕಾರುಗಳಲ್ಲಿಯೂ ಹೆಚ್ಚು ಪರಿಚಿತವಾದದ್ದು ಅದೇ ಸಂಸ್ಥೆಯ ಸಿ 200 ಕಂಪ್ರೆಸರ್. ಹಿಂಬದಿಯಲ್ಲಿ ಜರ್ಮನ್ ಕಾಗುಣಿತದ ಆ ಪದವನ್ನು ಕಂಡು ಎ.ಸಿ. ಕಂಪ್ರೆಸರ್‌ನ ವಿಷಯವೆಂದುಕೊಂಡವರೂ ಇದ್ದಾರು!

ಲೆಕ್ಕ ಹಾಕಿ ನೋಡೋಣ

ಸೂಪರ್‌ಚಾರ್ಜರ್‌ಗೆ ಚಾಲನೆ ಬರುವುದು ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯಿಂದ, ಬೆಲ್ಟಿನ ಮೂಲಕ. ಉದಾಹರಣೆಗೆ ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಸೂಪರ್‌ಚಾರ್ಜರ್ ಪುಲ್ಲಿ 75 ಮಿ.ಮೀ. ಇದೆ ಎನ್ನೋಣ. ಎಂಜಿನ್ ಒಂದು ಸುತ್ತು ತಿರುಗಿದರೆ ಸೂಪರ್‌ಚಾರ್ಜರ್ ಎರಡು ಸುತ್ತು ತಿರುಗುತ್ತದೆ. 6000 ಸುತ್ತಿಗೆ 12,000. ಸೂಪರ್‌ಚಾರ್ಜರ್ ಒಂದು ಸುತ್ತಿಗೆ 0.6 ಲೀಟರ್ ಗಾಳಿ ಸಾಗಿಸುತ್ತದೆ, ಎಂಜಿನ್ 1.6 ಲೀಟರಿನದು. ಎಂಜಿನ್ ತನ್ನಷ್ಟಕ್ಕೇ ಒಂದು ಸುತ್ತಿಗೆ 0.8 ಲೀಟರ್ ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಅದಕ್ಕೆ 1.2 ಲೀಟರ್ ತಂದು ಸುರಿಯುತ್ತದೆ. 0.8 ಹಿಡಿಸುವ ಪಾತ್ರೆಗೆ 1.2 ತುಂಬಬೇಕಾದಾಗ ಗಾಳಿ ಒತ್ತಿಕೊಳ್ಳಲೇಬೇಕು. ಸೋರಿಕೆಯಿಲ್ಲ, ಒತ್ತಿದ ಗಾಳಿಯ ಬಿಸಿಯನ್ನೆಲ್ಲ ಇಂಟರ್‌ಕೂಲರ್ ತೆಗೆದುಬಿಡುತ್ತದೆ ಎಂದು ಭಾವಿಸಿದರೆ ಒಳಗಿನ ಒತ್ತಡ ಹೊರಗಿನದರ ಒಂದೂವರೆ ಪಟ್ಟು. ಹೊರಗಿನ ಒಂದು ಪಟ್ಟನ್ನು ಕಳೆದು ತೋರಿಸುವುದು ಬೂಸ್ಟ್ ಗೇಜಿನ ಪದ್ಧತಿ, ಅದು 0.5 ಬಾರ್, ಅಂದರೆ ಸುಮಾರು 7 ಪೌಂಡ್ ತೋರಿಸುತ್ತದೆ.

ಈಗ 75ರ ಪುಲ್ಲಿಯನ್ನು ತೆಗೆದು 65ರದ್ದನ್ನು ಹಾಕೋಣ. ಅನುಪಾತ 2ರಿಂದ 2.31ಕ್ಕೆ ಏರಿತು. ಸೂಪರ್‌ಚಾರ್ಜರ್ 12,000ದ ಬದಲು ಸುಮಾರು 13,850 ಸುತ್ತು ತಿರುಗುತ್ತದೆ. ವೇಗದ ಏರಿಕೆ ಶೇ. 15. ಗಾಳಿಯ ಏರಿಕೆಯೂ ಶೇ. 15. ಒತ್ತಡದ ಅನುಪಾತ 1.5ರಿಂದ 1.73 ಆಯಿತು. ಆದರೆ ಗೇಜು ತೋರಿಸುವುದು 0.5ರ ಬದಲು 0.73 ಬಾರ್, ಹಳೆಯ ಅಂಕಿಗಿಂತ ಶೇ. 46 ಹೆಚ್ಚು!

ಪುಲ್ಲಿ ಬದಲಿಸಿದವರು ಮೋಸ ಹೋಗುವುದು ಇಲ್ಲಿಯೇ. ಗೇಜಿನ ಮುಳ್ಳು ಹತ್ತಿರ ಹತ್ತಿರ ಅರ್ಧದಷ್ಟು ಏರಿದ್ದನ್ನು ಕಂಡು ಬಲವೂ ಅಷ್ಟೇ ಏರಿತೆಂದು ಭಾವಿಸುತ್ತಾರೆ. ಎಂಜಿನ್ನಿನೊಳಗೆ ಹೋದ ಗಾಳಿ ಹೆಚ್ಚಿದ್ದು ಶೇ. 15 ಮಾತ್ರ. ಬಲ ಅದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ, ವಾಸ್ತವದಲ್ಲಿ ಅಷ್ಟೂ ಆಗುವುದಿಲ್ಲ.

ಏಕೆಂದರೆ ಸೂಪರ್‌ಚಾರ್ಜರ್ ಪುಕ್ಕಟೆ ತಿರುಗುವುದಿಲ್ಲ. ಅದು ಉಣ್ಣುವ ಶಕ್ತಿ ಎಂಜಿನ್ನಿನದ್ದೇ. ರೂಟ್ಸ್ ಮಾದರಿಯಲ್ಲಿ ಸಾಗಿಸಿದ ಗಾಳಿಯ ಪ್ರಮಾಣವನ್ನು ಏರಿಸಿದ ಒತ್ತಡದಿಂದ ಗುಣಿಸಿದರೆ ಈ ಶಕ್ತಿ ದೊರೆಯುತ್ತದೆ. ಮೇಲಿನ ಉದಾಹರಣೆಯಲ್ಲಿ 75 ಮಿ.ಮೀ. ಪುಲ್ಲಿಗೆ 6 ಕಿಲೋವ್ಯಾಟ್, ಎಂದರೆ 8 ಅಶ್ವಶಕ್ತಿ, 65 ಮಿ.ಮೀ. ಪುಲ್ಲಿಗೆ 10 ಕಿಲೋವ್ಯಾಟ್, ಎಂದರೆ ಹದಿಮೂರೂವರೆ ಅಶ್ವಶಕ್ತಿ. ಘರ್ಷಣೆಯ ನಷ್ಟ ಇದರಲ್ಲಿ ಸೇರಿಲ್ಲ. ಗಾಳಿ ಶೇ. 15 ಹೆಚ್ಚಿಸಲು ಹೋಗಿ ಗಾಳಿಯಂತ್ರದ ಊಟ ಶೇ. 68ರಷ್ಟು ಹೆಚ್ಚಿತು. ಮೊದಲು 150 ಅಶ್ವಶಕ್ತಿ ಇದ್ದ ಕಾರಿಗೆ ಶೇ. 15 ಎಂದರೆ 22. ಅದರಲ್ಲಿ ಐದೂವರೆಯನ್ನು ಸೂಪರ್‌ಚಾರ್ಜರ್ ತಾನೇ ನುಂಗುತ್ತದೆ. ಒತ್ತಡ ಹೆಚ್ಚಿದಂತೆ ರೋಟರಿನ ಸಂದುಗಳಲ್ಲಿ ಹಿಂದಕ್ಕೆ ಸೋರುವ ಗಾಳಿ ಮತ್ತಷ್ಟನ್ನು ಕಳೆಯುತ್ತದೆ. ಕೊನೆಗೆ ಹತ್ತು ಹನ್ನೆರಡು ಅಶ್ವಶಕ್ತಿ ಕೈಗೆ ಸಿಕ್ಕರೆ ಅದೇ ಲಾಭ. ಅದೂ ಬಿಸಿಯ ಲೆಕ್ಕವನ್ನು ಸರಿಯಾಗಿ ನೋಡಿಕೊಂಡರೆ.

ಬಿಸಿಯೇ ನಿಜವಾದ ವೈರಿ

ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ತಳ ಬಿಸಿಯಾಗುವುದು ಗೊತ್ತು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದು, ಸೂಪರ್‌ಚಾರ್ಜರ್‌ನ ದಕ್ಷತೆ ಶೇ. 60 ಎಂದು ಹಿಡಿದರೆ 1.5 ಅನುಪಾತದಲ್ಲಿ ಹೊರಬರುವ ಗಾಳಿಯ ಉಷ್ಣತೆ 90 ಡಿಗ್ರಿ ದಾಟುತ್ತದೆ. 1.73ರಲ್ಲಿ ಅದು 115ಕ್ಕೂ ಮೇಲೆ. ಇಷ್ಟು ಬಿಸಿ ಗಾಳಿಯನ್ನು ಪೆಟ್ರೋಲಿನೊಂದಿಗೆ ಬೆರೆಸಿ ಪಿಸ್ಟನ್ ಮತ್ತೆ ಒತ್ತಿದಾಗ ಮಿಶ್ರಣದ ಕೊನೆಯ ಭಾಗವು ಸ್ಪಾರ್ಕಿನ ಬೆಂಕಿ ಬಂದು ತಲುಪುವುದಕ್ಕೆ ಮೊದಲೇ ತಾನಾಗಿ ಸಿಡಿಯುವ ಸಂಭವವಿದೆ. ಇದನ್ನೇ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು. ಹಳೆಯ ಅಂಬಾಸಿಡರ್ ಏರು ಹತ್ತುವಾಗ ಟಣ್‌ಟಣ್ ಎನ್ನುತ್ತಿದ್ದುದು ನೆನಪಿದ್ದವರಿಗೆ ಈ ಸದ್ದು ಗೊತ್ತು. ಆ ಎಂಜಿನ್ನಿನಲ್ಲಿ ಅದು ಕಿರಿಕಿರಿ ಮಾತ್ರವಾಗಿತ್ತು. ಒತ್ತಿದ ಗಾಳಿಯ ಎಂಜಿನ್ನಿನಲ್ಲಿ ಅದು ಪಿಸ್ಟನ್ನಿನ ಅಂಚನ್ನು ಮುರಿಯಬಲ್ಲದು, ತಲೆಯನ್ನು ಕರಗಿಸಬಲ್ಲದು. ಅದಕ್ಕೆ ಬಹಳ ಹೊತ್ತು ಬೇಕಾಗಿಲ್ಲ.

ಇದನ್ನು ತಡೆಯಲು ಹೊಸ ಕಾರುಗಳಲ್ಲಿ ನಾಕ್ ಸೆನ್ಸರ್ ಇದೆ. ಸದ್ದು ಕೇಳಿದೊಡನೆ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದೂಡುತ್ತದೆ. ಎಂಜಿನ್ ಉಳಿಯುತ್ತದೆ, ಬಲ ಇಳಿಯುತ್ತದೆ. ಚಿಕ್ಕ ಪುಲ್ಲಿ ಹಾಕಿದ ಕಾರು ಬೆಳಗಿನ ತಂಪಿನಲ್ಲಿ ಹಾರಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೊದಲಿಗಿಂತ ಮಂದವಾಗಲು ಇದೇ ಕಾರಣ. ಪೆಟ್ರೋಲಿನ ಗುಣಮಟ್ಟವೂ ಇಲ್ಲಿ ಮುಖ್ಯ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ 2025ರ ವೇಳೆಗೆ ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಎಥೆನಾಲಿಗೆ ನಾಕಿಂಗ್ ತಡೆಯುವ ಗುಣ ಪೆಟ್ರೋಲಿಗಿಂತ ಹೆಚ್ಚು, ನಿಜ. ಆದರೆ ಅದು ಉರಿಯಲು ಒಂದು ಕಿಲೋಗೆ 9 ಕಿಲೋ ಗಾಳಿ ಸಾಕು, ಅಂದರೆ ಅದೇ ಗಾಳಿಗೆ ಇಂಧನ ಹೆಚ್ಚು ಬೇಕು. ಗಾಳಿಯನ್ನು ಶೇ. 15 ಹೆಚ್ಚಿಸಿದವರು ಇಂಧನವನ್ನೂ ಅಷ್ಟೇ ಹೆಚ್ಚಿಸಬೇಕು. ಮಿತಿಯಲ್ಲಿ ಕೆಲಸ ಮಾಡುತ್ತಿದ್ದ ಇಂಜೆಕ್ಟರ್ ಅದನ್ನು ಕೊಡಲಾರದೆ ಹೋದರೆ ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣ ಇನ್ನೂ ಬಿಸಿಯಾಗಿ ಉರಿಯುತ್ತದೆ. ಒಂದು ತಪ್ಪು ಇನ್ನೊಂದನ್ನು ಕರೆದುಕೊಂಡೇ ಬರುತ್ತದೆ.

ತಯಾರಕರೇ ಈ ಕೆಲಸವನ್ನು ಹೇಗೆ ಮಾಡಿದರು ಎಂಬುದನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 2006ರವರೆಗೆ ತಯಾರಾದ ಮೊದಲ ಪೀಳಿಗೆಯ ಮಿನಿ ಕೂಪರ್ ಎಸ್ ಕಾರಿನ 1.6 ಲೀಟರ್ ಎಂಜಿನ್ ಸೂಪರ್‌ಚಾರ್ಜರ್ ನೆರವಿನಿಂದ 163 ಅಶ್ವಶಕ್ತಿ ಕೊಡುತ್ತಿತ್ತು. ಚಿಕ್ಕ ಪುಲ್ಲಿಯ ಮಾತು ಜಗತ್ತಿನಾದ್ಯಂತ ಹಬ್ಬಲು ಆ ಕಾರಿನ ಅಭಿಮಾನಿಗಳೂ ಕಾರಣ. ಆದರೆ ಜಾನ್ ಕೂಪರ್ ವರ್ಕ್ಸ್ ಹೆಸರಿನಲ್ಲಿ ಅದೇ ಎಂಜಿನ್ನನ್ನು 200 ಅಶ್ವಶಕ್ತಿಗೆ ಏರಿಸಿದಾಗ ಹೆಚ್ಚು ವೇಗದ ಸೂಪರ್‌ಚಾರ್ಜರ್ ಒಂದೇ ಬದಲಾಗಲಿಲ್ಲ. ಸಿಲಿಂಡರ್ ಹೆಡ್, ಎಕ್ಸಾಸ್ಟ್, ಕಂಪ್ಯೂಟರಿನ ಸೂಚನೆಗಳು ಎಲ್ಲವೂ ಬದಲಾದವು. ಮರ್ಸಿಡಿಸ್ ಸಹ 1796 ಸಿ.ಸಿ.ಯ ಒಂದೇ ಎಂಜಿನ್ನಿನಿಂದ ಸಿ 180, ಸಿ 200, ಸಿ 230 ಕಂಪ್ರೆಸರ್ ಹೆಸರಿನ ಕಾರುಗಳಲ್ಲಿ ಕ್ರಮವಾಗಿ 143, 163, 192 ಅಶ್ವಶಕ್ತಿ ಪಡೆದಿತ್ತು. ಒತ್ತುಗಾಳಿಯ ಪ್ರಮಾಣ ಮತ್ತು ಅದಕ್ಕೆ ಹೊಂದುವ ನಿಯಂತ್ರಣ ಜೊತೆಯಾಗಿ ಸಾಗಿದ್ದರಿಂದ ಮಾತ್ರ ಇದು ಸಾಧ್ಯವಾಯಿತು.

ತೋಟದ ಪಂಪಿನ ಪಾಠ

ರೂಟ್ಸ್ ಮಾದರಿಯಲ್ಲದೆ ಇನ್ನೊಂದು ಬಗೆಯ ಸೂಪರ್‌ಚಾರ್ಜರ್ ಇದೆ. ಅದರಲ್ಲಿ ಒಂದು ಚಕ್ರ ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುತ್ತದೆ. ಹೇಳಬೇಕೆಂದರೆ ಇದು ನಮ್ಮ ತೋಟದ ಸೆಂಟ್ರಿಫ್ಯೂಗಲ್ ಪಂಪೇ, ನೀರಿನ ಬದಲು ಗಾಳಿ. ಅದರ ನಿಯಮವೂ ಅದೇ: ಹರಿವು ವೇಗದ ಪ್ರಮಾಣದಲ್ಲಿ, ಒತ್ತಡ ವೇಗದ ವರ್ಗದ ಪ್ರಮಾಣದಲ್ಲಿ, ಬೇಕಾಗುವ ಶಕ್ತಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ.

ಓದುಗರಲ್ಲಿ ಸೂಪರ್‌ಚಾರ್ಜರ್ ಕಾರು ಇರುವವರು ವಿರಳ. ಬೆಲ್ಟಿನ ಪಂಪು ಇರುವವರು ಸಾಕಷ್ಟು ಮಂದಿ. ಆದ್ದರಿಂದ ಈ ನಿಯಮವನ್ನು ಪಂಪಿನಲ್ಲಿಯೇ ನೋಡುವುದು ಉಚಿತ. 1500 ಸುತ್ತಿನ 5 ಅಶ್ವಶಕ್ತಿಯ ಎಂಜಿನ್ನಿನಲ್ಲಿ 6 ಇಂಚಿನ ಪುಲ್ಲಿ, ಪಂಪಿನಲ್ಲಿಯೂ 6 ಇಂಚಿನ ಪುಲ್ಲಿ ಇದೆ. ಪಂಪು 4 ಅಶ್ವಶಕ್ತಿ ಎಳೆಯುತ್ತಿದೆ ಎಂದುಕೊಳ್ಳೋಣ. ಬೇಸಿಗೆಯಲ್ಲಿ ಹಳ್ಳದ ನೀರು ಕೆಳಗಿಳಿಯಿತು, ಮೇಲಿನ ತೋಟಕ್ಕೆ ಏರುತ್ತಿಲ್ಲವೆಂದು ಪಂಪಿನ ಪುಲ್ಲಿಯನ್ನು 5 ಇಂಚಿಗೆ ಇಳಿಸಲಾಯಿತು. ಪಂಪು 1800 ಸುತ್ತಿಗೆ ಏರಬೇಕು. ಸ್ಥೂಲವಾಗಿ ಹರಿವು ಶೇ. 20 ಹೆಚ್ಚು, ನೀರನ್ನು ಏರಿಸುವ ಎತ್ತರ ಶೇ. 44 ಹೆಚ್ಚು, ಬೇಕಾಗುವ ಶಕ್ತಿ ಶೇ. 73 ಹೆಚ್ಚು. ನಾಲ್ಕು ಅಶ್ವಶಕ್ತಿಯ ಕಡೆ ಸುಮಾರು ಏಳು ಬೇಕಾಯಿತು. ಐದರ ಎಂಜಿನ್ ಅದನ್ನು ಎಲ್ಲಿಂದ ತಂದೀತು? ಕಪ್ಪು ಹೊಗೆ ಉಗುಳುತ್ತದೆ, ಸುತ್ತು ಇಳಿಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ನೀರು ಮಾತ್ರ ಅಪೇಕ್ಷಿಸಿದಷ್ಟು ಏರುವುದಿಲ್ಲ. ಎಂಜಿನ್ನಿನ ಬದಲು ವಿದ್ಯುತ್ ಮೋಟಾರು ಇದ್ದರೆ, ಅದರಲ್ಲಿಯೂ ವೋಲ್ಟೇಜ್ ಇಳಿದಿರುವ ಫೆಬ್ರವರಿ ಮಾರ್ಚ್ ತಿಂಗಳಲ್ಲಿ, ವೈಂಡಿಂಗ್ ಸುಟ್ಟೇ ಹೋಗುತ್ತದೆ. ಕಾರಿನ ಸೂಪರ್‌ಚಾರ್ಜರ್‌ನ ಕಥೆಗೂ ಇದಕ್ಕೂ ವ್ಯತ್ಯಾಸ ಒಂದೇ: ಪಂಪು ತಾನು ತಿಂದ ಶಕ್ತಿಯನ್ನು ಎಂಜಿನ್ನಿಗೆ ಹಿಂದಿರುಗಿಸುವುದಿಲ್ಲ, ಸೂಪರ್‌ಚಾರ್ಜರ್ ಹೆಚ್ಚು ಗಾಳಿ ಕೊಟ್ಟು ಹಿಂದಿರುಗಿಸುತ್ತದೆ. ಎಷ್ಟು ಹಿಂದಿರುಗಿಸುತ್ತದೆ ಎಂಬುದರ ಮೇಲೆ ಚಿಕ್ಕ ಪುಲ್ಲಿ ಲಾಭವೋ ನಷ್ಟವೋ ತೀರ್ಮಾನವಾಗುತ್ತದೆ.

ಬೈಕ್ ಪ್ರಿಯ ಯುವಕರು ಕೇಳಿರಬಹುದಾದ ಕಾವಾಸಾಕಿ ನಿಂಜಾ ಎಚ್2 ಬೈಕಿನಲ್ಲಿರುವುದು ಈ ಎರಡನೆಯ ಬಗೆ. ಅದಕ್ಕೆ ಬೆಲ್ಟೂ ಇಲ್ಲ, ಪುಲ್ಲಿಯೂ ಇಲ್ಲ. ಹಲ್ಲುಗಾಲಿಗಳ ಮೂಲಕ ಗಾಳಿಚಕ್ರ ಕ್ರ್ಯಾಂಕಿನ ಒಂಬತ್ತು ಪಟ್ಟಿಗೂ ಹೆಚ್ಚಿನ ವೇಗದಲ್ಲಿ ತಿರುಗುತ್ತದೆ. ಅನುಪಾತವನ್ನು ಬದಲಿಸುವ ಆಸೆಗೆ ಅಲ್ಲಿ ಸುಲಭದ ದಾರಿಯೇ ಇಲ್ಲ. ಅದು ಒಳ್ಳೆಯದೇ ಆಯಿತು.

ಕುಮಟಾ ಕೆಳಗೆ, ಶಿರಸಿ ಮೇಲೆ

ಘಟ್ಟದ ಮೇಲಿನವರಿಗೆ ಮಾತ್ರ ಸಂಬಂಧಿಸಿದ ಸಂಗತಿಯೊಂದು ಇಲ್ಲಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ. 6ರಷ್ಟು ಕಡಿಮೆ. ಕುಮಟಾದಲ್ಲಿ 75 ಅಶ್ವಶಕ್ತಿ ಕೊಡುವ ಸಾಮಾನ್ಯ ಪೆಟ್ರೋಲ್ ಕಾರು ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವಷ್ಟರಲ್ಲಿ 70ರ ಆಸುಪಾಸಿಗೆ ಇಳಿದಿರುತ್ತದೆ. ಅಂಕೋಲಾದಿಂದ ಅರಬೈಲ್ ಘಟ್ಟದ ಮೂಲಕ ಯಲ್ಲಾಪುರಕ್ಕೆ, ಕುಮಟಾದಿಂದ ದೊಡ್ಮನೆ ಘಟ್ಟದ ಮೂಲಕ ಸಿದ್ದಾಪುರಕ್ಕೆ ಬರುವ ವಾಹನಗಳ ಪಾಡೂ ಇದೇ. ಏರು ಇರುವಲ್ಲಿಯೇ ಗಾಳಿ ತೆಳುವಾಗುತ್ತ ಹೋಗುವುದು ನಿಸರ್ಗದ ಒಂದು ಚೇಷ್ಟೆ ಎನ್ನಬೇಕು.

ಬೆಲ್ಟಿನ ಸೂಪರ್‌ಚಾರ್ಜರ್ ಇದ್ದರೂ ಈ ನಷ್ಟ ತಪ್ಪುವುದಿಲ್ಲ. ಅದು ಸಾಗಿಸುವುದು ಗಾತ್ರದ ಲೆಕ್ಕದಲ್ಲಿ. ಹೊರಗಿನ ಗಾಳಿ ತೆಳುವಾಗಿದ್ದರೆ ಒಳಗೂ ಅದೇ ಪ್ರಮಾಣದಲ್ಲಿ ತೆಳು. ಕಾಗದದ ಮೇಲೆ ಇದಕ್ಕೆ ಪರಿಹಾರ ಸುಲಭ. ನಮ್ಮ ಉದಾಹರಣೆಯ 75 ಮಿ.ಮೀ. ಪುಲ್ಲಿಯನ್ನು ಸುಮಾರು 71ಕ್ಕೆ ಇಳಿಸಿದರೆ ಶಿರಸಿಯಲ್ಲಿಯೂ ಕರಾವಳಿಯಷ್ಟೇ ಗಾಳಿ ಸಿಗುತ್ತದೆ. ಆದರೆ ಅದೇ ಕಾರು ಮೀನು ಪೇಟೆಗೋ ಸಮುದ್ರ ದಂಡೆಗೋ ಎಂದು ಅರವತ್ತು ಕಿಲೋಮೀಟರ್ ಕೆಳಗೆ ಇಳಿದಾಗ? ದಪ್ಪ ಗಾಳಿ, ಹೆಚ್ಚು ಬಿಸಿಲು, ಹೆಚ್ಚಿದ ಒತ್ತಡ. ಮೇಲೆ ಸದ್ದಿಲ್ಲದೆ ಓಡುತ್ತಿದ್ದ ಎಂಜಿನ್ ಕೆಳಗೆ ನಾಕಿಂಗ್ ಆರಂಭಿಸುತ್ತದೆ. ಅದರಲ್ಲಿಯೂ ಹಿಂದಿರುಗುವಾಗ ಘಟ್ಟದ ಬುಡದಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವ ಹೊತ್ತಿಗೆ ಎಂಜಿನ್ ಇರುವುದು ದಪ್ಪ ಗಾಳಿಯಲ್ಲಿಯೇ.

ಇದೇ ತೊಡಕನ್ನು ಎರಡನೆಯ ಮಹಾಯುದ್ಧದ ವಿಮಾನಗಳು ಎದುರಿಸಿದ್ದವು. ಎತ್ತರದಲ್ಲಿ ಬಲ ಬೇಕೆಂದು ಸೂಪರ್‌ಚಾರ್ಜರ್‌ನ ವೇಗ ಹೆಚ್ಚಿಸಿದರೆ ನೆಲದ ಹತ್ತಿರ ಎಂಜಿನ್ನಿಗೆ ಅದು ವಿಪರೀತವಾಗುತ್ತಿತ್ತು. ಸ್ಪಿಟ್‌ಫೈರ್ ವಿಮಾನದ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ನಿನ ಮುಂದಿನ ಮಾದರಿಗಳಲ್ಲಿ ಸೂಪರ್‌ಚಾರ್ಜರ್‌ಗೆ ಎರಡು ವೇಗದ ಗಿಯರ್ ಜೋಡಿಸಿ ಇದನ್ನು ಬಿಡಿಸಿದರು. ಒಂದು ವೇಗ ಕೆಳಗಿನ ಗಾಳಿಗೆ, ಇನ್ನೊಂದು ಮೇಲಿನದಕ್ಕೆ. 1940ರಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕ ಸೇನೆಯ ವಿಮಾನ, ಎಂಜಿನ್ನುಗಳ ದುರಸ್ತಿ ಕೇಂದ್ರವಾಗಿತ್ತು. ಸೂಪರ್‌ಚಾರ್ಜರ್ ಬಿಚ್ಚಿ ಜೋಡಿಸುವ ವಿದ್ಯೆ ಕನ್ನಡ ನಾಡಿಗೆ ಬಂದದ್ದು ಕಾರಿನ ಗ್ಯಾರೇಜಿನಿಂದಲ್ಲ, ಬಹುಶಃ ಈ ದಾರಿಯಿಂದಲೇ.

ಟರ್ಬೋ ಚಾರ್ಜರ್ ಇದನ್ನು ಬೇರೆ ರೀತಿಯಲ್ಲಿ ನಿಭಾಯಿಸುತ್ತದೆ. ಅದನ್ನು ತಿರುಗಿಸುವುದು ಹೊಗೆಯ ರಭಸ. ಬೆಲ್ಟಿನ ಕಟ್ಟುಪಾಡು ಇಲ್ಲ. ಹೊರಗಿನ ಗಾಳಿ ತೆಳುವಾದರೆ ಕಂಪ್ಯೂಟರ್ ಅದನ್ನು ಇನ್ನಷ್ಟು ವೇಗವಾಗಿ ತಿರುಗಲು ಬಿಡುತ್ತದೆ. ಘಟ್ಟದ ಮೇಲಿನ ರಸ್ತೆಗಳಲ್ಲಿ ಟರ್ಬೋ ಡೀಸೆಲ್ ವಾಹನಗಳು ಮನೆಮಾತಾಗಿರುವುದಕ್ಕೆ ಮೈಲೇಜಿನ ಜೊತೆ ಇದೂ ಒಂದು ಕಾರಣ. ಬೆಲ್ಟಿನ ಸೂಪರ್‌ಚಾರ್ಜರ್‌ಗೂ ಒಂದು ಗುಣವಿದೆ, ಅದನ್ನು ಒಪ್ಪಿಕೊಳ್ಳಬೇಕು. ತಿರುವಿನಿಂದ ಎದ್ದು ಹೊರಡುವಾಗ, ಎಂಜಿನ್ ಇನ್ನೂ 1500 ಸುತ್ತಿನಲ್ಲಿರುವಾಗಲೇ ಅದು ಗಾಳಿ ಕೊಡಲು ಸಿದ್ಧವಾಗಿರುತ್ತದೆ. ಟರ್ಬೋ ಒಂದು ಕ್ಷಣ ಕಾಯಿಸುತ್ತದೆ.

ಬೆಲ್ಟು, ಬೇರಿಂಗು, ಕಾನೂನು

ಪುಲ್ಲಿ ಚಿಕ್ಕದಾದಾಗ ಬೆಲ್ಟು ಅದನ್ನು ಸುತ್ತಿ ಹಿಡಿಯುವ ಉದ್ದವೂ ಕಡಿಮೆಯಾಗುತ್ತದೆ, ಎಳೆಯಬೇಕಾದ ಹೊರೆಯೋ ಹೆಚ್ಚುತ್ತದೆ. ಫಲವಾಗಿ ಬೆಲ್ಟು ಜಾರುತ್ತದೆ. ಜಾರದಂತೆ ಬಿಗಿದರೆ ಬೇರಿಂಗಿನ ಆಯುಷ್ಯ ಕುಗ್ಗುತ್ತದೆ. ಅನೇಕ ಹಳೆಯ ರೂಟ್ಸ್ ಮಾದರಿಗಳಿಗೆ 14,000 ಸುತ್ತಿನ ಆಸುಪಾಸಿನಲ್ಲಿ ಮಿತಿ ಇದೆ. ನಮ್ಮ 65 ಮಿ.ಮೀ. ಪುಲ್ಲಿಯಲ್ಲಿ ಎಂಜಿನ್ 6500 ಮುಟ್ಟಿದರೆ ಸೂಪರ್‌ಚಾರ್ಜರ್ 15,000 ಮುಟ್ಟುತ್ತದೆ. ಸೂಪರ್‌ಚಾರ್ಜರ್ ಪುಲ್ಲಿಯನ್ನು ಮುಟ್ಟದೆ ಕ್ರ್ಯಾಂಕ್ ಪುಲ್ಲಿಯನ್ನೇ ದೊಡ್ಡದು ಮಾಡುವ ಉಪಾಯವೂ ಇದೆ. ಅನುಪಾತ ಒಂದೇ ಆದರೂ ಬೆಲ್ಟಿಗೆ ಹಿಡಿತ ಚೆನ್ನಾಗಿ ಸಿಗುತ್ತದೆ. ಆದರೆ ಹಲವು ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಪುಲ್ಲಿ ಬರಿಯ ಪುಲ್ಲಿಯಲ್ಲ. ಕ್ರ್ಯಾಂಕಿನ ತಿರುಚು ಕಂಪನವನ್ನು ಹೀರುವ ರಬ್ಬರಿನ ಪದರ ಅದರೊಳಗಿರುತ್ತದೆ. ಅದನ್ನು ತೆಗೆದು ಲೇತಿನಲ್ಲಿ ಕಡೆದ ಘನ ಪುಲ್ಲಿ ಹಾಕುವುದೆಂದರೆ ಕ್ರ್ಯಾಂಕಿಗೇ ಕುತ್ತು ತಂದುಕೊಂಡಂತೆ. ಅದೇ ಬೆಲ್ಟು ಆಲ್ಟರ್ನೇಟರನ್ನೋ ನೀರಿನ ಪಂಪನ್ನೋ ಓಡಿಸುತ್ತಿದ್ದರೆ ಅವೂ ಮಿತಿ ಮೀರಿ ತಿರುಗುತ್ತವೆ.

ಕಾನೂನಿನ ವಿಷಯದಲ್ಲಿ ಗೊಂದಲಕ್ಕೆ ಅವಕಾಶವಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿ ನೋಂದಣಿಯಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದೆಂದು ಹೇಳುತ್ತದೆ. ಸೂಪರ್‌ಚಾರ್ಜರ್ ಇಲ್ಲದ ಕಾರಿಗೆ ಹೊಸದಾಗಿ ಅದನ್ನು ಜೋಡಿಸುವವರು ಮೊದಲು ಕೆಎ-31 ಸರಣಿಯ ಶಿರಸಿ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ದಿನ ಪರಿಹಾರಕ್ಕೆ ಅಡ್ಡ ಬರುತ್ತದೆ ಎಂಬುದನ್ನೂ ಮರೆಯಬಾರದು.

ಹಾಗೆಂದು ಬೆಲ್ಟಿನ ಸೂಪರ್‌ಚಾರ್ಜರ್‌ನ ಕಾಲವೇ ಬಹುಮಟ್ಟಿಗೆ ಕಳೆದಿದೆ. ಮಿನಿ ತನ್ನ ಎರಡನೆಯ ಪೀಳಿಗೆಯಲ್ಲಿಯೇ ಟರ್ಬೋಗೆ ಹೊರಳಿತು. ಮರ್ಸಿಡಿಸ್ ಕಾರುಗಳ ಹಿಂಬದಿಯಿಂದ ಕಂಪ್ರೆಸರ್ ಎಂಬ ಪದ 2010ರ ವೇಳೆಗೆ ಮರೆಯಾಗತೊಡಗಿ ಅದೇ 1.8 ಲೀಟರ್ ಎಂಜಿನ್ನಿಗೆ ಟರ್ಬೋ ಬಂತು. ಹೊಗೆಯಲ್ಲಿ ವ್ಯರ್ಥವಾಗಿ ಹೋಗುವ ಶಕ್ತಿಯಿಂದ ತಿರುಗುವ ಯಂತ್ರದೆದುರು, ಕ್ರ್ಯಾಂಕಿನಿಂದ ಎಂಟು ಹತ್ತು ಅಶ್ವಶಕ್ತಿ ಕೇಳುವ ಯಂತ್ರ ಇಂಧನದ ಲೆಕ್ಕದಲ್ಲಿ ನಿಲ್ಲಲಾರದೆ ಹೋಯಿತು. ಹಳೆಯ ಕಂಪ್ರೆಸರ್ ಕಾರುಗಳು ಈಗ ಎರಡನೆಯ, ಮೂರನೆಯ ಮಾಲೀಕರ ಕೈಗೆ ಕಡಿಮೆ ಬೆಲೆಗೆ ಬರುತ್ತಿರುವುದರಿಂದಲೇ ಚಿಕ್ಕ ಪುಲ್ಲಿಯ ಪ್ರಶ್ನೆ ಮತ್ತೆ ಏಳುತ್ತಿದೆ. ಅಂಥ ಕಾರನ್ನು ಕೊಳ್ಳುವವರು ಬಾನೆಟ್ ತೆರೆಸಿ, ಸೂಪರ್‌ಚಾರ್ಜರ್ ಪುಲ್ಲಿಯ ಅಳತೆ ಕಂಪನಿಯದ್ದೇ ಹೌದೋ ಎಂಬುದನ್ನು ಮೊದಲು ನೋಡಬೇಕು. ಅಳೆಯುವಾಗ ಪುಲ್ಲಿಯ ಹೊರ ಅಂಚನ್ನಲ್ಲ, ಬೆಲ್ಟು ಕೂರುವ ಜಾಗವನ್ನು ಅಳೆಯಬೇಕು. ಒಂದು ದಾರವನ್ನು ಆ ಜಾಗದ ಸುತ್ತ ಸುತ್ತಿ, ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ.